ಪೊರೆಯಲ್ಲದ ಪೊರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದು ತಾಲ್ಲೂಕುಗಳ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ವಯಸ್ಸಾದವರ ಮಾತಿನ ನಡುವೆ ಒಂದು ವಾಕ್ಯ ಬಂದೇ ಬರುತ್ತದೆ: 'ಕಣ್ಣಿಗೆ ಪೊರಿ ಬಂದೈತಿ.' ಮಾತು ಚಿಕ್ಕದು. ಆದರೆ ಅದರೊಳಗೆ ಒಂದು ಇಡೀ ಸಿದ್ಧಾಂತವೇ ಅಡಗಿದೆ. ಹಾವಿನ ಮೈಗೆ ಪೊರೆ ಬರುವಂತೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಕಣ್ಣಿನ ಮೇಲೆ ಏನೋ ಬಂದು ಕವಿದಿದೆ. ಅದು ಚೆನ್ನಾಗಿ ಹಣ್ಣಾದ ಮೇಲೆ ವೈದ್ಯರು ಸುಲಿದು ತೆಗೆಯುತ್ತಾರೆ. ಕೆಳಗೆ ಹಳೆಯ ಕಣ್ಣು ಹಾಗೆಯೇ ಇರುತ್ತದೆ. ಇದು ಆ ಸಿದ್ಧಾಂತ. ಕೇಳಲು ಸಹಜವಾಗಿದ್ದರೂ ಇದು ನಿಜವಲ್ಲ. ನಿಜ ಏನೆಂಬುದನ್ನು ತಿಳಿದರೆ ನಮ್ಮ ದೇಹ ಯಾವ ನಿಯಮದ ಮೇಲೆ ನಿಂತಿದೆ ಎಂಬುದರ ಒಂದು ಸುಳಿವೇ ನಮಗೆ ದೊರೆಯುತ್ತದೆ. ಅದನ್ನು ನಿಮ್ಮ ಮುಂದಿಡುವುದು ಇಂದಿನ ನನ್ನ ಮಾತಿನ ಉದ್ದೇಶ.

ಕಣ್ಣಪಾಪೆಯ ಹಿಂದೆ ಒಂದು ಮಸೂರವಿದೆ. ಮಸೂರವೆಂಬ ಹೆಸರೇ ಬೇಳೆಯೊಂದರಿಂದ ಬಂದದ್ದು, ಆಕಾರವೂ ಬೇಳೆಯದೇ. ಅಡ್ಡಗಲ ಸುಮಾರು 9 ಮಿಲಿಮೀಟರು, ದಪ್ಪ ಸುಮಾರು 4 ಮಿಲಿಮೀಟರು. ಹೊರಗಿನ ಬೆಳಕು ಇದರ ಮೂಲಕ ಹಾಯ್ದು ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಚಿತ್ರವಾಗಿ ಮೂಡುತ್ತದೆ. ನಾವು ಪೊರೆ ಎನ್ನುವುದು ಈ ಮಸೂರದ ಮೇಲೆ ಬೆಳೆದ ಇನ್ನೊಂದು ವಸ್ತುವಲ್ಲ, ಮಸೂರವೇ ಮಂಜಾಗಿರುವುದು. ಸುಲಿಯಲು ಅಲ್ಲಿ ಸಿಪ್ಪೆಯಿಲ್ಲ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಮಂಜಾದ ಮಸೂರಕ್ಕೂ ತಿಳಿಯಾದ ಮಸೂರಕ್ಕೂ ಒಳಗಿನ ದ್ರವ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಎರಡರಲ್ಲಿಯೂ ಸುಮಾರು ಮೂರರಲ್ಲಿ ಎರಡು ಪಾಲು ನೀರು, ಒಂದು ಪಾಲು ಪ್ರೋಟೀನು. ದ್ರವ್ಯ ಅದೇ, ಕೆಟ್ಟಿರುವುದು ಅದರ ಜೋಡಣೆ. ದ್ರವ್ಯ ಒಂದೇ ಆಗಿದ್ದು ಜೋಡಣೆ ಬೇರೆಯಾದ ಮಾತ್ರಕ್ಕೆ ಕಣ್ಣು ಕುರುಡಾಗಬಹುದೆ? ಆಗಬಹುದು. ಏಕೆಂದರೆ ಪ್ರೋಟೀನಿನ ಕೆಲಸವೆಲ್ಲ ಅದರ ಆಕಾರದಲ್ಲಿದೆ.

ನಮ್ಮ ಹಳೆಯ ಪಠ್ಯಪುಸ್ತಕಗಳು ಪ್ರೋಟೀನನ್ನು ಸಸಾರಜನಕವೆಂದು ಕರೆಯುತ್ತಿದ್ದವು. ಸಾರಜನಕ, ಎಂದರೆ ನೈಟ್ರೋಜನ್, ಕೂಡಿರುವ ದ್ರವ್ಯ ಎಂದು ಅದರ ಅರ್ಥ. ಆ ಹೆಸರು ಅದು ಯಾವುದರಿಂದ ಆಗಿದೆ ಎಂಬುದನ್ನು ಹೇಳುತ್ತದೆ. ಹೇಗೆ ನಿಂತಿದೆ ಎಂಬುದನ್ನು ಹೇಳುವುದಿಲ್ಲ. ಹಡಗಲಿಯ ಮಲ್ಲಿಗೆಯ ದಂಡೆಯನ್ನು ನೆನೆಯಿರಿ. ಹೂವಿನ ಪಕ್ಕ ಹೂವಿಟ್ಟು ಕಟ್ಟಿದಂತೆ ಅಮೈನೋ ಆಮ್ಲಗಳೆಂಬ ಪುಟ್ಟ ಅಣುಗಳನ್ನು ಒಂದರ ಪಕ್ಕ ಒಂದಿಟ್ಟು ಜೀವಕೋಶವು ಸರಪಣಿ ಕಟ್ಟುತ್ತದೆ. ದಂಡೆಯಲ್ಲಿರುವುದು ಒಂದೇ ಬಗೆಯ ಹೂವು. ಈ ಸರಪಣಿಯಲ್ಲಿ 20 ಬಗೆಯವು. ಯಾವುದರ ನಂತರ ಯಾವುದು ಎಂಬ ಕ್ರಮವನ್ನು ನಮ್ಮ ವಂಶವಾಹಿಗಳು ನಿಶ್ಚಯಿಸುತ್ತವೆ. ಆದರೆ ಕಟ್ಟಿ ಮುಗಿದ ದಂಡೆ ಉದ್ದಕ್ಕೆ ಬಿದ್ದುಕೊಂಡಿರುವುದಿಲ್ಲ. ನೀರನ್ನು ಒಲ್ಲದ ಅಣುಗಳು ಒಳಕ್ಕೆ ಸರಿಯುತ್ತವೆ, ನೀರನ್ನು ಒಲಿಯುವ ಅಣುಗಳು ಹೊರಕ್ಕೆ ನಿಲ್ಲುತ್ತವೆ, ಹೀಗೆ ಇಡೀ ಸರಪಣಿ ಮಡಿಸಿಕೊಂಡು ತನಗೇ ವಿಶಿಷ್ಟವಾದ ಒಂದು ಉಂಡೆಯಾಗುತ್ತದೆ. ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ 124 ಅಮೈನೋ ಆಮ್ಲಗಳ ಒಂದು ಕಿಣ್ವದ ಮಡಿಕೆಗಳನ್ನೆಲ್ಲ ಬಿಚ್ಚಿ, ಬಿಚ್ಚಲು ಬಳಸಿದ ರಾಸಾಯನಿಕಗಳನ್ನು ತೆಗೆದುಹಾಕಿದರು. ಸರಪಣಿ ತಾನಾಗಿ ಮತ್ತೆ ಮಡಿಸಿಕೊಂಡು ಮೊದಲಿನಂತೆ ಕೆಲಸ ಮಾಡತೊಡಗಿತು. ಮಡಿಯುವ ವಿದ್ಯೆ ಸರಪಣಿಯ ಕ್ರಮದಲ್ಲಿಯೇ ಇದೆ ಎಂದು ಇದರಿಂದ ಸಿದ್ಧವಾಯಿತು. ಅವರಿಗೆ 1972ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಶಾಸ್ತ್ರದಲ್ಲಿ ನಮ್ಮ ನಾಡಿಗೆ ನಂಟುಳ್ಳ ಒಂದು ದೊಡ್ಡ ಹೆಸರಿದೆ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್, ಮುಂದೆ ಮದರಾಸಿನಲ್ಲಿದ್ದಾಗ, 1963ರಲ್ಲಿ, ತಮ್ಮ ಸಹೋದ್ಯೋಗಿಗಳಾದ ಶಶಿಶೇಖರನ್ ಮತ್ತು ರಾಮಕೃಷ್ಣನ್ ಅವರೊಡನೆ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನಿನ ಸರಪಣಿ ತನ್ನ ಪ್ರತಿಯೊಂದು ಕೀಲಿನಲ್ಲಿ ಯಾವ ಯಾವ ಕೋನಗಳಿಗೆ ತಿರುಗಬಹುದು, ಯಾವ ಕೋನಕ್ಕೆ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಆ ನಕ್ಷೆ ತೋರಿಸುತ್ತದೆ. 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಅವರು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನೊಂದರ ರಚನೆಯನ್ನು ಬಿಡಿಸಿದರೂ ಅದು ಸರಿಯೋ ತಪ್ಪೋ ಎಂದು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುವುದು ವಾಡಿಕೆ. ಈಗ ಗಣಕಯಂತ್ರವೇ ಸರಪಣಿಯ ಕ್ರಮವನ್ನು ಓದಿ ಮಡಿಕೆಯನ್ನು ಊಹಿಸುತ್ತದೆ. ಆ ವಿದ್ಯೆಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಇಷ್ಟು ದೂರ ಹೋಗದೆ ನಮ್ಮ ಅಡುಗೆಮನೆಯಲ್ಲಿಯೇ ಇದರ ಸಾಕ್ಷ್ಯ ಸಿಗುತ್ತದೆ. ಹಸಿಯ ಕೋಳಿಮೊಟ್ಟೆಯ ಬಿಳಿಭಾಗ ಗಾಜಿನಂತೆ ತಿಳಿಯಾಗಿರುತ್ತದೆ. ಕುದಿಯುವ ನೀರಿನಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ಹೊರಗಿನಿಂದ ಅದಕ್ಕೆ ಏನನ್ನೂ ಸೇರಿಸಿಲ್ಲ; ಒಳಗಿನಿಂದ ಏನನ್ನೂ ತೆಗೆದಿಲ್ಲ. ಶಾಖಕ್ಕೆ ಪ್ರೋಟೀನಿನ ಮಡಿಕೆಗಳು ಬಿಚ್ಚಿ, ಬಿಚ್ಚಿದ ಸರಪಣಿಗಳು ಒಂದರೊಳಗೊಂದು ಸಿಕ್ಕುಬಿದ್ದಿವೆ, ಅಷ್ಟೆ. ನಮ್ಮ ಕಡೆಯ ಕಂಬಳಿಯನ್ನು ನೋಡಿ. ಉಣ್ಣೆ ಎಂಬುದು ಕೆರಾಟಿನ್ ಎಂಬ ಪ್ರೋಟೀನು. ಅದರ ಸರಪಣಿಗಳು ಸುರುಳಿ ಸುತ್ತಿಕೊಂಡು, ಅಲ್ಲಲ್ಲಿ ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಬಿಗಿದುಕೊಂಡಿವೆ. ಉಣ್ಣೆ ಸುಟ್ಟಾಗ ಮೂಗಿಗಡರುವ ಕಮಟು ಈ ಗಂಧಕದ್ದು. ಕುರಿಗಾರನ ಕಂಬಳಿ ಮಳೆ ಬಿಸಿಲುಗಳನ್ನು ವರ್ಷಗಟ್ಟಲೆ ತಾಳುವುದಕ್ಕೆ ಈ ಕೊಂಡಿಗಳೂ ಕಾರಣ. ಜೋಳದಲ್ಲಿಯೂ ಇದೇ ಕೊಂಡಿಯ ಆಟವಿದೆ: ಜೋಳದ ಹಿಟ್ಟನ್ನು ನೀರಿನಲ್ಲಿ ಬೇಯಿಸಿದಾಗ ಅದರ ಕಾಫಿರಿನ್ ಎಂಬ ಪ್ರೋಟೀನು ಗಂಧಕದ ಕೊಂಡಿಗಳಿಂದ ಹೆಣೆದುಕೊಂಡು ಜೀರ್ಣರಸಗಳಿಗೆ ಸುಲಭವಾಗಿ ಸಿಗದೆ ಹೋಗುತ್ತದೆ. ಕೊಂಡಿ ಒಂದೇ, ಕಂಬಳಿಯಲ್ಲಿ ಅದು ಬಲ, ಮುದ್ದೆಯಲ್ಲಿ ತುಸು ನಷ್ಟ. ಕಣ್ಣಿನಲ್ಲಿ ಅದು ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಆಕಾರ ಕೆಟ್ಟರೆ ರೋಗ ಎಂಬ ಮಾತಿಗೆ ಶಾಸ್ತ್ರಗ್ರಂಥಗಳು ಕೊಡುವ ಹೆಸರಾಂತ ನಿದರ್ಶನ ಕುಡುಗೋಲು ಕಣ ರೋಗದ್ದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ನಾಲ್ಕು ಸರಪಣಿಗಳಿವೆ. ಅವುಗಳಲ್ಲಿ ಬೀಟಾ ಎಂಬ ಬಗೆಯ ಸರಪಣಿಯ ಉದ್ದ 146 ಅಮೈನೋ ಆಮ್ಲಗಳು. ಆರನೆಯ ಸ್ಥಾನದಲ್ಲಿ ನೀರನ್ನು ಒಲಿಯುವ ಅಣುವಿನ ಬದಲು ನೀರನ್ನು ಒಲ್ಲದ ಅಣು ಬಂದು ಕುಳಿತರೆ, ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಾಗುತ್ತವೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 1949ರಲ್ಲಿ ಲೈನಸ್ ಪೌಲಿಂಗ್ ಇದನ್ನು ಅಣುವಿನ ರೋಗವೆಂದು ಕರೆದರು. 1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಜನರಲ್ಲಿ ಈ ಗುಣ ಇರುವುದು ಪತ್ತೆಯಾಯಿತು. ಒಂದು ಅಕ್ಷರ ತಪ್ಪಿದರೆ ಇಡೀ ವಾಕ್ಯವೇ ತಿರುವುಮುರುವಾಗುವಂಥ ಪ್ರಸಂಗವಿದು. ಆದರೆ ಎಲ್ಲ ರೋಗಗಳೂ ಹುಟ್ಟಿನಲ್ಲಿಯೇ ತಪ್ಪಿದ ಅಕ್ಷರದಿಂದ ಬರುವುದಿಲ್ಲ. ಸರಿಯಾಗಿ ಬರೆದ ವಾಕ್ಯವೂ ಬಹುಕಾಲದ ಬಳಕೆಯಿಂದ ಮಾಸಿಹೋಗುತ್ತದೆ. ಪೊರೆ ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದ್ದು.

ಮಸೂರದ ಪ್ರೋಟೀನುಗಳಿಗೆ ಕ್ರಿಸ್ಟಲಿನ್ ಎಂದು ಹೆಸರು. ಆಲ್ಫ, ಬೀಟಾ, ಗಾಮಾ ಎಂದು ಅವುಗಳಲ್ಲಿ ಮೂರು ಮುಖ್ಯ ಬಗೆಗಳು. ಇಷ್ಟು ಕಿಕ್ಕಿರಿದು ತುಂಬಿದ ಪ್ರೋಟೀನು ಗಾಜಿನಂತೆ ತಿಳಿಯಾಗಿರುವುದು ಹೇಗೆ? ಹಾಲಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಪ್ರೋಟೀನಿದ್ದರೂ ಹಾಲು ಬೆಳ್ಳಗಿರುತ್ತದೆಯಲ್ಲ! ಈ ಒಗಟನ್ನು ಬಿಡಿಸಲು ಕೊಟ್ಟೂರೇಶ್ವರನ ತೇರಿನ ದಿನವನ್ನು ನೆನೆಸಿಕೊಳ್ಳಬಹುದು. ಮಾಳಿಗೆಯ ಮೇಲೆ ನಿಂತು ನೋಡಿದರೆ ಕೆಳಗಿನ ಜನಸಾಗರದಲ್ಲಿ ಸಾಲಿಲ್ಲ, ಪಂಕ್ತಿಯಿಲ್ಲ. ಆದರೂ ಭುಜಕ್ಕೆ ಭುಜ ತಾಗುವಷ್ಟು ಒತ್ತಾಗಿ ನಿಂತಿರುವುದರಿಂದ ಪ್ರತಿಯೊಬ್ಬನಿಗೂ ಅವನ ನೆರೆಯವನಿಗೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಎಲ್ಲಿಯೂ ದೊಡ್ಡ ಬಯಲಿಲ್ಲ, ಎಲ್ಲಿಯೂ ಗುಂಪು ಗುಂಪಾದ ಗಂಟಿಲ್ಲ. ಮಸೂರದಲ್ಲಿ ಕ್ರಿಸ್ಟಲಿನ್ ಕಣಗಳು ನಿಂತಿರುವುದು ಹೀಗೆಯೇ. ಒಂದು ಕಣ ಚದುರಿಸಿದ ಬೆಳಕನ್ನು ನೆರೆಯ ಕಣಗಳು ಚದುರಿಸಿದ ಬೆಳಕು ಅಳಿಸಿಹಾಕುತ್ತದೆ. ನೇರವಾಗಿ ಮುಂದೆ ಹೋಗುವ ಬೆಳಕು ಮಾತ್ರ ಉಳಿಯುತ್ತದೆ. ಬೆನೆಡೆಕ್ ಎಂಬ ಭೌತವಿಜ್ಞಾನಿ 1971ರಲ್ಲಿ ಮುಂದಿಟ್ಟ ಈ ವಿವರಣೆಯನ್ನು ಫ್ರಾನ್ಸಿನ ದಿಲೇ ಮತ್ತು ತಾರ್ದಿಯೊ 1983ರಲ್ಲಿ ಕ್ಷ-ಕಿರಣಗಳ ಮೂಲಕ ಪರೀಕ್ಷಿಸಿ ದೃಢಪಡಿಸಿದರು. ಜನಜಂಗುಳಿಯಲ್ಲಿ ಅಲ್ಲಲ್ಲಿ ಜನ ಗಂಟುಕಟ್ಟಿಕೊಂಡು ಮಿಕ್ಕೆಡೆ ಬಯಲಾಯಿತೆನ್ನಿ. ಆಗ ಬೆಳಕು ಗಂಟುಗಳಿಗೆ ಬಡಿದು ದಿಕ್ಕಾಪಾಲಾಗುತ್ತದೆ. ಅದೇ ಪೊರೆ.

ಗಂಟು ಏಕೆ ಕಟ್ಟುತ್ತದೆ? ಇಲ್ಲಿ ಮಸೂರದ ಒಂದು ವಿಶೇಷವನ್ನು ಹೇಳಬೇಕು. ನಮ್ಮ ಚರ್ಮ ಬದಲಾಗುತ್ತದೆ, ರಕ್ತಕಣಗಳು ಸುಮಾರು ನಾಲ್ಕು ತಿಂಗಳಿಗೊಮ್ಮೆ ಹೊಸದಾಗುತ್ತವೆ. ಮಸೂರದ ಒಳತಿರುಳಿನ ಎಳೆಗಳು ಮಾತ್ರ ಬೆಳಕಿಗೆ ಅಡ್ಡಿಯಾಗದಿರಲೆಂದು ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡುಬಿಡುತ್ತವೆ. ಕೇಂದ್ರವಿಲ್ಲದ ಮೇಲೆ ಹೊಸ ಪ್ರೋಟೀನನ್ನು ಕಟ್ಟುವ ಮಾತೇ ಇಲ್ಲ. 2008ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಮಸೂರದಲ್ಲಿನ ಇಂಗಾಲದ ವಯಸ್ಸನ್ನು ಅಳೆದು, ತಿರುಳಿನ ಪ್ರೋಟೀನು ಮನುಷ್ಯ ಹುಟ್ಟುವ ಹೊತ್ತಿನದೇ ಎಂದು ತೋರಿಸಿದರು. ಎಪ್ಪತ್ತರ ಮುದುಕ ಇಂದು ತನ್ನ ಮೊಮ್ಮಗುವನ್ನು ನೋಡುತ್ತಿರುವುದು ತಾನು ತಾಯಿಯ ಬಸಿರಿನಲ್ಲಿದ್ದಾಗ ಕಟ್ಟಿದ ಪ್ರೋಟೀನಿನ ಮೂಲಕ. ನಮ್ಮ ಮೈಯಲ್ಲಿ ಇಷ್ಟು ದೀರ್ಘಕಾಲ ಬದಲಿಯಿಲ್ಲದೆ ದುಡಿಯುವ ವಸ್ತುಗಳು ಬಹಳ ಕಡಿಮೆ.

ಅಷ್ಟು ದೀರ್ಘಕಾಲದಲ್ಲಿ ಏಟುಗಳು ತಪ್ಪುವುದಿಲ್ಲ. ಸೂರ್ಯನ ನೇರಳಾತೀತ ಕಿರಣಗಳು ಕೆಲವು ಅಮೈನೋ ಆಮ್ಲಗಳನ್ನು ಮಾರ್ಪಡಿಸುತ್ತವೆ. ಮಧುಮೇಹಿಯ ರಕ್ತದ ಸಕ್ಕರೆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹೊಗೆಸೊಪ್ಪಿನ ಹೊಗೆ, ಸೌದೆ ಒಲೆಯ ಹೊಗೆ ಇವೂ ಹಾನಿಕರವೆಂದು ಅಧ್ಯಯನಗಳು ಸೂಚಿಸಿವೆ. ಇವೇನೂ ಇಲ್ಲದಿದ್ದರೂ ಕಾಲವೇ ನಿಧಾನವಾಗಿ ಸರಪಣಿಯ ಅಣುಗಳನ್ನು ಬದಲಿಸುತ್ತ ಹೋಗುತ್ತದೆ. ಏಟು ತಿಂದ ಪ್ರೋಟೀನು ತುಸು ಸಡಿಲಗೊಂಡು, ಒಳಗೆ ಮಡಿಸಿಟ್ಟುಕೊಂಡಿದ್ದ ನೀರೊಲ್ಲದ ಭಾಗಗಳನ್ನು ಹೊರಗೆ ಚಾಚುತ್ತದೆ; ಚಾಚಿದ ಭಾಗಗಳು ನೆರೆಯ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ; ಆಮೇಲೆ ಗಂಧಕದ ಕೊಂಡಿ ಬಿದ್ದು ಆ ಅಂಟು ಶಾಶ್ವತವಾಗುತ್ತದೆ. ಕಂಬಳಿಗೆ ಬಲ ಕೊಟ್ಟ ಕೊಂಡಿ ಕಣ್ಣಿನ ಬೆಳಕನ್ನು ಕಟ್ಟಿಹಾಕುವುದು ಹೀಗೆ.

ಆದರೆ ಇದನ್ನು ತಡೆಯಲು ಪ್ರಕೃತಿಯೇ ಒಬ್ಬ ಕಾವಲುಗಾರನನ್ನು ಇಟ್ಟಿದೆ. ಆಲ್ಫ ಕ್ರಿಸ್ಟಲಿನ್ ಬರಿಯ ತುಂಬುದ್ರವ್ಯವೆಂದು ಬಹುಕಾಲ ತಿಳಿಯಲಾಗಿತ್ತು. 1992ರಲ್ಲಿ ಜೋಸೆಫ್ ಹಾರ್ವಿಟ್ಸ್ ಅದರ ಇನ್ನೊಂದು ಗುಣವನ್ನು ತೋರಿಸಿದರು: ಸಡಿಲಗೊಂಡ ಪ್ರೋಟೀನನ್ನು ಅದು ಹಿಡಿದುಕೊಂಡು, ಇತರರಿಗೆ ಅಂಟದಂತೆ ಕಾಯುತ್ತದೆ. ನಮ್ಮ ನೆರೆಯ ಹೈದರಾಬಾದಿನ ಪ್ರಯೋಗಾಲಯಗಳಲ್ಲಿಯೂ ಈ ಕಾವಲುಗುಣದ ಮೇಲೆ ಗಣ್ಯ ಸಂಶೋಧನೆ ನಡೆದಿದೆ. ಕನ್ನಡದಲ್ಲಿ 'ಪೊರೆ' ಎಂಬುದಕ್ಕೆ ಇನ್ನೊಂದು ಅರ್ಥವಿರುವುದು ನಿಮಗೆ ತಿಳಿದಿದೆ: ಕಾಪಾಡು, ಸಲಹು. ಆ ಅರ್ಥದಲ್ಲಿ ನೋಡಿದರೆ ಕಣ್ಣಿನ ನಿಜವಾದ ಪೊರೆ ಈ ಆಲ್ಫ ಕ್ರಿಸ್ಟಲಿನ್. ಆದರೆ ಈ ಕಾವಲುಗಾರನ ದಾಸ್ತಾನೂ ಹುಟ್ಟಿನಲ್ಲಿ ಕೊಟ್ಟಷ್ಟೇ. ಸುಮಾರು ನಲವತ್ತು ವರ್ಷದ ಹೊತ್ತಿಗೆ ಮಸೂರದ ತಿರುಳಿನಲ್ಲಿ ಬಿಡುವಾಗಿರುವ ಆಲ್ಫ ಕ್ರಿಸ್ಟಲಿನ್ ಬಹುತೇಕ ಮುಗಿದುಹೋಗಿರುತ್ತದೆ. ಅಲ್ಲಿಂದ ಮುಂದೆ ಬಿದ್ದ ಏಟುಗಳನ್ನು ಹಿಡಿಯುವವರಿಲ್ಲ.

ಹುಟ್ಟುತ್ತಲೇ ಬರುವ ಪೊರೆಯೂ ಉಂಟು. ಗಾಮಾ ಕ್ರಿಸ್ಟಲಿನ್ನಿನ ಒಂದು ಬಗೆಯಲ್ಲಿ 23ನೆಯ ಸ್ಥಾನದ ಪ್ರೋಲೀನ್ ಎಂಬ ಅಣುವಿನ ಬದಲು ತ್ರಿಯೊನೀನ್ ಬಂದರೆ ಮಗುವಿನ ಮಸೂರ ಮಂಜಾಗುತ್ತದೆ. ಭಾರತೀಯ ಕುಟುಂಬದಲ್ಲಿಯೂ ಇದು ಕಂಡುಬಂದಿದೆ. ಇಲ್ಲಿ ಪ್ರೋಟೀನಿನ ಮಡಿಕೆ ಹೆಚ್ಚುಕಡಿಮೆ ಕೆಡುವುದೇ ಇಲ್ಲ. ಮೇಲ್ಮೈಯ ಒಂದು ಚುಕ್ಕೆ ಮಾತ್ರ ಬದಲಾಗುತ್ತದೆ. ಅಷ್ಟಕ್ಕೇ ಅದು ನೀರಿನಲ್ಲಿ ಕರಗುವ ಗುಣವನ್ನು ಕಳೆದುಕೊಳ್ಳುತ್ತದೆ. ಒಬ್ಬೊಬ್ಬರೂ ಸರಿಯಾಗಿದ್ದು ಒಟ್ಟಿಗೆ ಬಾಳಲಾರದೆ ಹೋಗುವ ಮನೆಗಳಿಲ್ಲವೆ, ಹಾಗೆ. ಎಳೆಮಗುವಿನ ಕಣ್ಣಪಾಪೆ ಬೆಳ್ಳಗೆ ಕಂಡರೆ ಒಂದು ವಾರವನ್ನೂ ಕಳೆಯಬಾರದು. ನೋಡಲು ಕಲಿಯುವ ಕಾಲದಲ್ಲಿ ಬೆಳಕು ಕಾಣದ ಮಿದುಳು ಮುಂದೆ ಮಸೂರ ಸರಿಯಾದರೂ ನೋಡಲಾರದೆ ಹೋಗಬಹುದು.

ಇಷ್ಟು ತಿಳಿದ ಮೇಲೆ ಒಂದು ಪ್ರಶ್ನೆ ಸಹಜ. ಗಂಟಾದ ಪ್ರೋಟೀನನ್ನು ಹನಿಮದ್ದಿನಿಂದ ಬಿಡಿಸಲಾಗದೆ? ಸಂತೆಯಲ್ಲಿ ಅಂಥ ಹನಿಗಳನ್ನು ಮಾರುವವರನ್ನು ನಾನು ಕಂಡಿದ್ದೇನೆ. ವಿಜ್ಞಾನಿಗಳೂ ಈ ಆಸೆಯಿಂದ ಹೊರತಲ್ಲ. 2015ರಲ್ಲಿ ಲ್ಯಾನೊಸ್ಟೆರಾಲ್ ಎಂಬ ದ್ರವ್ಯ ನಾಯಿಗಳ ಕಣ್ಣಿನ ಪೊರೆಯನ್ನು ತಿಳಿಗೊಳಿಸಿತೆಂಬ ಸುದ್ದಿ ಹೆಸರುವಾಸಿಯಾದ ಪತ್ರಿಕೆಯಲ್ಲಿ ಬಂದಿತು. ಅದೇ ವರ್ಷ ಬೆಂಗಳೂರಿನ ನೇತ್ರವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮನುಷ್ಯರ ಮಸೂರದ ತಿರುಳುಗಳನ್ನು ಆ ದ್ರವ್ಯದಲ್ಲಿ ನೆನೆಯಿಟ್ಟು ನೋಡಿದರು, ಅವು ತಿಳಿಯಾಗಲಿಲ್ಲ. 2019ರ ಇನ್ನೊಂದು ಪರೀಕ್ಷೆಯ ಫಲವೂ ಹಾಗೆಯೇ. ಬೇಯಿಸಿದ ಮೊಟ್ಟೆಯನ್ನು ಮತ್ತೆ ಹಸಿ ಮಾಡುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಪೊರೆಯನ್ನು ಕರಗಿಸುವುದೆಂದು ಸಿದ್ಧಪಟ್ಟ ಹನಿಮದ್ದು ಇಂದಿಗೂ ಇಲ್ಲ.

ಇರುವ ದಾರಿ ಶಸ್ತ್ರಚಿಕಿತ್ಸೆಯೊಂದೇ. ಸುಶ್ರುತ ಸಂಹಿತೆಯ ಕಾಲದಿಂದಲೂ ಸಲಾಕೆಯಿಂದ ಮಂಜಾದ ಭಾಗವನ್ನು ದೃಷ್ಟಿಯ ದಾರಿಯಿಂದ ಸರಿಸುವ ಕ್ರಮ ನಮ್ಮಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಲಕ್ಷಾಂತರ ಬಡವರ ಮಸೂರ ತೆಗೆದರು. 2005ರಲ್ಲಿ ಅವರು ತೀರಿಕೊಂಡಾಗ ಕಣ್ಣು ಪಡೆದ ಎಷ್ಟೋ ಮನೆಗಳು ಅವರನ್ನು ನೆನೆದವು. ಆ ಶಿಬಿರಗಳ ಕಾಲದಲ್ಲಿ ಮಸೂರ ಕಳೆದುಕೊಂಡವರು ಸೋಡಾಬುಡ್ಡಿಯ ತಳದಂಥ ದಪ್ಪ ಕನ್ನಡಕವನ್ನು ಹಾಕಿಕೊಳ್ಳಬೇಕಾಗಿತ್ತು. ಅಷ್ಟರೊಳಗೆ, 1949ರಲ್ಲಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂಡಿಸಿದ್ದರು. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣೊಳಗೆ ಸಿಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಇಂದು ಹಳ್ಳಿಯ ಶಿಬಿರದಿಂದ ಹೋದವರಿಗೂ ಅಂಥ ಮಸೂರ ದೊರೆಯುತ್ತದೆ. ಗಂಟಾದ ಪ್ರೋಟೀನನ್ನು ಸರಿಪಡಿಸಲಾರದ ನಾವು, ಅದರ ಸ್ಥಾನದಲ್ಲಿ ಗಂಟಾಗದ ವಸ್ತುವೊಂದನ್ನು ಇಡುವುದನ್ನು ಕಲಿತಿದ್ದೇವೆ.

ಹೀಗಿದ್ದೂ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಐವತ್ತು ದಾಟಿದವರ ಕುರುಡುತನದಲ್ಲಿ ಶೇಕಡ 66ರಷ್ಟು ಚಿಕಿತ್ಸೆಯಾಗದ ಪೊರೆಯಿಂದಲೇ ಎಂದು ಕಂಡುಬಂದಿತು. ಇದಕ್ಕೆ ಬಡತನ ಕಾರಣ, ದೂರ ಕಾರಣ. ಜೊತೆಗೆ ನಾನು ಮೊದಲು ಹೇಳಿದ ಆ ಸಿದ್ಧಾಂತವೂ ಕಾರಣ. 'ಇನ್ನೂ ಹಣ್ಣಾಗಿಲ್ಲ' ಎಂದು ಕಾಯುವವರಿದ್ದಾರೆ. ಹಿಂದಿನ ಶಸ್ತ್ರವಿಧಾನಕ್ಕೆ ಹಣ್ಣಾದ ಮಸೂರ ಅನುಕೂಲವಾಗಿತ್ತು. ಇಂದಿನ ವಿಧಾನಕ್ಕೆ ಕಾಯುವ ಅಗತ್ಯವಿಲ್ಲ, ಅತಿಯಾಗಿ ಹಣ್ಣಾದರೆ ಅಪಾಯವೂ ಉಂಟು. 'ಪೂರ್ವಕರ್ಮ' ಎಂದು ತಲೆಬಾಗುವವರಿದ್ದಾರೆ. ನಮ್ಮ ಈ ಐದು ತಾಲ್ಲೂಕುಗಳಲ್ಲಿ ಹೊಲದ ಬಿಸಿಲಿನಲ್ಲಿ ಜೀವ ತೇದ ಅಜ್ಜಿಯರು 'ಇನ್ನ ಎಷ್ಟು ದಿನ ನೋಡಬೇಕು ಬಿಡಪ್ಪ, ನಿಮ್ಮ ಅಜ್ಜಂದು ಮೊದ್ಲು ಮಾಡಸ್ರಿ' ಎನ್ನುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಕೇಳಿದ ಮನೆಯವರು ಅದನ್ನು ತ್ಯಾಗವೆಂದು ಮೆಚ್ಚಿ ಸುಮ್ಮನಾಗುತ್ತಾರೆ. ಆಕೆಯ ಕಣ್ಣಿನಲ್ಲಿರುವುದು ಪಾಪವಲ್ಲ, ಮುಪ್ಪಿನ ಶಾಸನವೂ ಅಲ್ಲ. ಅರವತ್ತೆಪ್ಪತ್ತು ವರ್ಷ ಬದಲಿಯಿಲ್ಲದೆ ದುಡಿದು ದಣಿದ ಕೆಲವು ಪ್ರೋಟೀನುಗಳು. ಅವುಗಳಿಗೆ ಬಿಡುಗಡೆ ಕೊಡಿಸಿದರೆ ಆಕೆ ಮತ್ತೆ ಜೋಳದಲ್ಲಿ ಕಲ್ಲು ಆರಿಸಬಲ್ಲಳು, ಮೊಮ್ಮಗಳ ಮುಖದಲ್ಲಿ ತನ್ನ ಮಗಳನ್ನು ಗುರುತಿಸಬಲ್ಲಳು.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ 'ಪೊರಿ ಬಂದೈತಿ' ಎಂದರೆ ಸಂತೆಯ ಹನಿಯನ್ನು ತರಬೇಡಿ, ಹಣ್ಣಾಗಲೆಂದು ಕಾಯಬೇಡಿ. ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸಿರಿ. ಇಬ್ಬರಿಗೂ ಪೊರೆ ಬಂದಿದ್ದರೆ, ಅಜ್ಜನ ಜೊತೆಗೆ ಅಜ್ಜಿಯನ್ನೂ ಅದೇ ಬಸ್ಸಿಗೆ ಹತ್ತಿಸಿರಿ.